ಇನ್ಸ್‌ಪೆಕ್ಟರ ಅರ್ಧ ಡಿಗ್ರಿ

ಇನ್ಸ್‌ಪೆಕ್ಟರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಇಲ್ಲಿಯ ಕನ್ನಡ ಸಂಘದವರು ಎರಡು ಸಲ ಫೋನು ಮಾಡಿದರು. ಅವರು ನಿವೃತ್ತರಾಗಿ ಊರಿಗೆ ಹೋದರು, ಸಲಾಲಾದಲ್ಲಿ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ದೂ ಆಯಿತು. ಈಗ ಸ್ಮರಣ ಸಂಚಿಕೆಗೆ ಅವರ ಜತೆ ಒಂದೇ ಕೋಣೆಯಲ್ಲಿದ್ದವನ ಲೇಖನ ಬೇಕಂತೆ. ಆರು ವರ್ಷ ಇದ್ದೆ, ಸುಳ್ಳಲ್ಲ. ಅವರ ಒಳ್ಳೆಯ ಗುಣಗಳೂ ನನಗೆ ಗೊತ್ತು. ಆದರೆ ಅವರ ಡಿಗ್ರಿಯ ವಿಷಯ ಬಿಟ್ಟು ಅವರನ್ನು ಬರೆಯಲು ಬರುವುದಿಲ್ಲ. ಡಿಗ್ರಿಯ ವಿಷಯ ಬಂದರೆ ನಮ್ಮ ಕೋಣೆಯ ಅದ್ದುಚ್ಚ ಸತ್ತದ್ದು ಬರಬೇಕು, ಅದು ಬಂದರೆ ನಾನೂ ಬರಬೇಕು. ಸಂಘದವರು ಇದನ್ನು ಅಚ್ಚು ಹಾಕುವುದಿಲ್ಲ. ಹಾಕದಿದ್ದರೆ ಬೇಡ, ನಾನಂತೂ ಬರೆದು ಮುಗಿಸುತ್ತೇನೆ.

ಕೊಲ್ಲಿ ದೇಶದ ಸುವೈಕ್‌ನಲ್ಲಿ ಟಯರ್ ಅಂಗಡಿಯ ಮೇಲೆ ಕಂಪನಿಯವರು ಕೊಟ್ಟ ಒಂದು ಕೋಣೆ, ಆರು ಮಂಚ, ಒಂದು ಅಡುಗೆ ಮೂಲೆ, ಒಂದು ಬಚ್ಚಲು. ಕಂಪನಿಯದು ತರಕಾರಿಯ ಕೋಲ್ಡ್ ಸ್ಟೋರೇಜ್. ಅಲ್ಲಿ ನಾನು ಸ್ಟೋರಿನ ಗುಮಾಸ್ತ. ಉಪ್ಪಿನಂಗಡಿ ಕಡೆಯ ಅದ್ದುಚ್ಚ ಪಿಕಪ್ ಡ್ರೈವರ್. ಬ್ಯಾರಿ ಮುಸ್ಲಿಮರು ಅಣ್ಣನನ್ನು ಇಚ್ಚ ಎನ್ನುತ್ತಾರೆ, ಅಬ್ದುಲ್ಲ ಎಂಬ ಹೆಸರಿನವರು ಹಾಗೆ ಎಲ್ಲರಿಗೂ ಅದ್ದುಚ್ಚ ಆಗಿದ್ದರು. ಕುಂದಾಪುರದ ಶೇಖರ ಎಲೆಕ್ಟ್ರಿಷಿಯನ್. ಮತ್ತಿಬ್ಬರು ಬಿಹಾರದವರು, ಪ್ಯಾಕಿಂಗ್‌ನವರು, ಯಾರ ತಂಟೆಗೂ ಬರುತ್ತಿರಲಿಲ್ಲ. ಆರನೆಯವರೇ ಇವರು, ಸುಳ್ಯದ ಕಡೆಯವರು, ಸೆಕ್ಯುರಿಟಿ ಸೂಪರ್‌ವೈಸರ್. ಹೆಸರು ಬೇಡ. ನಾವು ಇನ್ಸ್‌ಪೆಕ್ಟ್ರು ಎನ್ನುತ್ತಿದ್ದೆವು, ಎದುರಿಗೂ ಹಿಂದಿನಿಂದಲೂ.

ಊರಿನಲ್ಲಿದ್ದಾಗ ಎರಡು ಸಲ ಪೊಲೀಸ್ ಆಯ್ಕೆಗೆ ಹೋಗಿ ಬಂದಿದ್ದರು. ಓಟದಲ್ಲಿ ಪಾಸು, ಬರೆಯುವುದರಲ್ಲಿ ಪಾಸು, ಎದೆಯಳತೆಯಲ್ಲಿ ಫೇಲು. ಗಾಳಿ ಎಳೆದುಕೊಂಡಾಗ ಎದೆ ಇಷ್ಟು ಉಬ್ಬಬೇಕು ಎಂದು ಲೆಕ್ಕ ಇದೆಯಂತೆ, ಇವರದ್ದು ಉಬ್ಬಲಿಲ್ಲ. ಒಮ್ಮೆ ಅವರೇ ಬಾಯಿ ತಪ್ಪಿ ಇದನ್ನು ಹೇಳಿದರು. ನಾವು ಬಿಟ್ಟೇವೆಯೇ? ಅವರು ಬಾಗಿಲಲ್ಲಿ ಕಂಡರೆ ಸಾಕು, ಶೇಖರ ಮಂಚದ ಮೇಲೆ ಕೂತು ಎದೆ ಉಬ್ಬಿಸಿ ತೋರಿಸುತ್ತಿದ್ದ. ನಾನು ಬಟ್ಟೆ ಒಣಹಾಕುವ ಹಗ್ಗ ಹಿಡಿದು ಅಳತೆ ತೆಗೆಯುವಂತೆ ಮಾಡುತ್ತಿದ್ದೆ. ಅವರು ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸಮವಸ್ತ್ರ ತಾವೇ ಇಸ್ತ್ರಿ ಮಾಡಿ, ಶೂ ತಿಕ್ಕಿ, ಕಿಸೆಗೆ ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ನಲವತ್ತಾರನೇ ವಯಸ್ಸಿಗೆ ಅಮೆರಿಕದ ಯಾವುದೋ ಕಾಲೇಜಿಗೆ ಆನ್‌ಲೈನ್‌ನಲ್ಲಿ ಸೇರಿದರು. ಕ್ರಿಮಿನಲ್ ಜಸ್ಟಿಸ್‌ನಲ್ಲಿ ಅಸೋಸಿಯೇಟ್ ಡಿಗ್ರಿ. ಅಂದರೆ ಅಪರಾಧ, ಪೊಲೀಸು, ಕೋರ್ಟು, ಜೈಲು ಇವುಗಳ ಬಗ್ಗೆ ಎರಡು ವರ್ಷದ ಓದು, ಪೂರ್ತಿ ಡಿಗ್ರಿಯ ಅರ್ಧ. ಅವರು ಇದನ್ನು ವಿವರಿಸಿದ ದಿನ ಅದ್ದುಚ್ಚ ಮೀನು ಕೊಯ್ಯುತ್ತಾ ಕೇಳಿದರು.

"ಅರ್ಧ ಡಿಗ್ರಿ ತೆಗೊಂಡು ಎಂತ ಮಾಡುವುದು ಇನ್ಸ್‌ಪೆಕ್ಟರೇ? ಅರ್ಧ ಕಳ್ಳನನ್ನು ಹಿಡಿಯುವುದಾ?"

"ಸಲಾಲಾದಲ್ಲಿ ಬಂದರಿನ ಕೆಲಸ ಮಾಡುವ ಒಂದು ಕಂಪನಿ ಉಂಟು. ಸೆಕ್ಯುರಿಟಿ ಆಫೀಸರ್ ಪೋಸ್ಟಿಗೆ ಇಷ್ಟು ಸಾಕು. ಫ್ಯಾಮಿಲಿ ವೀಸಾ ಕೊಡ್ತಾರೆ" ಎಂದರು ಅವರು. ಹೆಂಡತಿ ಮಕ್ಕಳ ಜತೆ ಅವರು ಇದ್ದದ್ದು ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನ. ಆ ಡಿಗ್ರಿ ಅವರಿಗೆ ಏನಾಗಿತ್ತು ಎಂದು ನಮಗೆಲ್ಲರಿಗೂ ಚೆನ್ನಾಗಿ ಗೊತ್ತಿತ್ತು.

ನನಗೂ ಅದರಲ್ಲಿ ಪಾಲಿತ್ತು, ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಅವರು ಸಲಾಲಾಕ್ಕೆ ಹೋದರೆ ಸೂಪರ್‌ವೈಸರ್ ಕುರ್ಚಿ ಖಾಲಿ. ಆ ಕುರ್ಚಿಗೆ ಯಾರು ಎಂದು ಮ್ಯಾನೇಜರ್ ಕೇಳುವುದು ಅವರನ್ನೇ. "ನಿನ್ನ ಹೆಸರು ಹೇಳ್ತೇನೆ" ಎಂದು ಅವರು ಒಂದೇ ಒಂದು ಸಲ ಹೇಳಿದ್ದರು. ನನಗೆ ಅಷ್ಟು ಸಾಕಿತ್ತು. ಅಂದಿನಿಂದ ಅವರ ಅಸೈನ್‌ಮೆಂಟುಗಳ ಇಂಗ್ಲಿಷ್ ತಿದ್ದಿದವನು ನಾನೇ.

ಓದಿದ್ದನ್ನೆಲ್ಲ ಅವರು ನಮ್ಮ ಮೇಲೆ ಪ್ರಯೋಗಿಸುತ್ತಿದ್ದರು. ಬೇರೆ ಯಾರ ಮೇಲೆ ಮಾಡಬೇಕು, ಕೈಗೆ ಸಿಕ್ಕವರು ನಾವೇ. ವಿಚಾರಣೆಯ ಪಾಠ ಬಂದ ತಿಂಗಳು ಅವರ ಫೋನಿನ ಚಾರ್ಜರ್ ಕಾಣೆಯಾಯಿತು. ಒಬ್ಬೊಬ್ಬರನ್ನೇ ಮಂಚದ ಎದುರು ಕುರ್ಚಿ ಹಾಕಿ ಕೂರಿಸಿದರು. ಅವರ ಕ್ರಮ ಹೇಗೆಂದರೆ ಒಂದು ಪ್ರಶ್ನೆ ಕೇಳುವುದು, ಆಮೇಲೆ ಸುಮ್ಮನೆ ಮುಖ ನೋಡುತ್ತಾ ಕೂರುವುದು. ಎದುರಿನವನು ತಾನಾಗಿ ಮಾತಾಡುವವರೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕದಿಯದವರೂ ಅಲ್ಲಿ ಹೆಗಲು ಮುಟ್ಟಿಕೊಳ್ಳುತ್ತಿದ್ದೆವು. ನಾನು ಅವರ ಬ್ಲೇಡಿನಲ್ಲಿ ಗಡ್ಡ ಹೆರೆದದ್ದನ್ನು ಒಪ್ಪಿಕೊಂಡು ಬಂದೆ.

ಶೇಖರ ಒಪ್ಪಿಕೊಂಡದ್ದು ಬೇರೆ. ಅವನು ದಿನಾ ಸಂಜೆ ತಾರಸಿಗೆ ಹೋಗಿ ಮದುವೆ ನಿಶ್ಚಯವಾದ ಹುಡುಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ. "ಸಂಜೆ ತಾರಸಿಯಲ್ಲಿ ಎಂತ ಮಾಡ್ತಿದ್ದೆ?" ಎಂದು ಕೇಳಿ ಇವರು ಸುಮ್ಮನೆ ಕೂತರು. ಐದು ನಿಮಿಷ ಆಗಿರಬಹುದು, ಶೇಖರ ಅಳಲು ಸುರು ಮಾಡಿದ. ಆ ಸಂಬಂಧ ಮುರಿದು ಏಳು ತಿಂಗಳಾಗಿತ್ತು. ನಮ್ಮ ಎದುರು ಮಾನ ಹೋಗುತ್ತದೆಂದು ಅವನು ಇಷ್ಟು ದಿನ ಆಫ್ ಆದ ಫೋನನ್ನು ಕಿವಿಗೆ ಇಟ್ಟುಕೊಂಡು ಒಬ್ಬನೇ ಮಾತಾಡುತ್ತಿದ್ದ. ಇವರು ಅದನ್ನೂ ಗಂಟೆ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಚಾರ್ಜರ್ ಮರುದಿನ ಅವರದ್ದೇ ಬ್ಯಾಗಿನಲ್ಲಿ ಸಿಕ್ಕಿತು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾವು ಏನು ಕಮ್ಮಿ, ಒಂದು ವಾರ ಶೇಖರನಿಗೆ "ಹಲೋ ಚಿನ್ನಾ" ಎನ್ನುತ್ತಾ ನಕ್ಕೆವು. ಅವನು ಹೇಳದೆ ಕೇಳದೆ ಇಬ್ರಾದಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದ. ನಗದೆ ಇದ್ದವರು ಅದ್ದುಚ್ಚ ಒಬ್ಬರೇ.

ಇಂಥವರನ್ನು ಯಾಕೆ ಸಹಿಸಿಕೊಂಡಿರಿ ಎಂದು ಕೇಳಬಹುದು. ಯಾರ ರೆಸಿಡೆಂಟ್ ಕಾರ್ಡ್ ಕಳೆದುಹೋದರೂ ಪೊಲೀಸ್ ಸ್ಟೇಷನ್ನಿಗೆ ಜತೆಗೆ ಬರುವವರು ಅವರೇ. ಅದ್ದುಚ್ಚನ ಪಿಕಪ್‌ಗೆ ಒಬ್ಬ ಹಿಂದಿನಿಂದ ಗುದ್ದಿ, ತಪ್ಪು ನಿನ್ನದೇ ಎಂದು ಜೋರು ಮಾಡಿದ್ದ. ಇವರು ಅರ್ಧ ಗಂಟೆ ಬಿಸಿಲಲ್ಲಿ ಮೊಣಕಾಲೂರಿ ಟಯರಿನ ಗುರುತು ಅಳೆದು ನಕ್ಷೆ ಬರೆದರು. ಆ ನಕ್ಷೆ ನೋಡಿದ ಮೇಲೆ ಗುದ್ದಿದವನೇ ತಪ್ಪು ಒಪ್ಪಿಕೊಂಡ. ಅದ್ದುಚ್ಚನ ಕೆಲಸ ಉಳಿಯಿತು. ಆವತ್ತಿನಿಂದ ಅದ್ದುಚ್ಚನಿಗೆ ಅವರೆಂದರೆ ಪ್ರಾಣ. "ಇನ್ಸ್‌ಪೆಕ್ಟರಿಗೆ" ಎಂದು ಬಂಗುಡೆಯ ನಡು ತುಂಡು ತೆಗೆದಿಡುತ್ತಿದ್ದರು.

ಯಾರಾದರೂ ಸುದ್ದಿ ತಂದರೆ ಅವರು ಹೇಳುತ್ತಿದ್ದ ಮಾತು ಒಂದೇ: "ಊಹೆ ಬೇಡ, ನೋಡಿದ್ದು ಹೇಳು." ಊರಿಗೆ ಫೋನು ಮಾಡಿ ಮಗಳ ಹತ್ತಿರವೂ ಹಾಗೇ. ಜಾತ್ರೆಯೋ ಮದುವೆಯೋ ಏನೇ ಹೇಳಲಿ, ಎಷ್ಟು ಗಂಟೆಗೆ, ಯಾರೆಲ್ಲ ಇದ್ದರು, ನೀನು ಎಲ್ಲಿ ನಿಂತಿದ್ದೆ. ಆ ಹುಡುಗಿ ಎರಡು ನಿಮಿಷಕ್ಕೆ ಫೋನು ತಾಯಿಗೆ ಕೊಟ್ಟು ಹೋಗುತ್ತಿತ್ತು.

ಆ ಕಾಲೇಜಿನ ಪರೀಕ್ಷೆ ಲ್ಯಾಪ್‌ಟಾಪಿನ ಕ್ಯಾಮೆರಾದ ಎದುರು. ಅದರ ಆಚೆ ಯಾವುದೋ ದೇಶದಲ್ಲಿ ಒಬ್ಬ ಹೆಂಗಸು ಕೂತು ಕಾವಲು ಕಾಯುತ್ತಾಳೆ. ಮೊದಲು ಕೋಣೆಯ ನಾಲ್ಕೂ ಗೋಡೆ ತೋರಿಸಬೇಕು, ಮಂಚದ ಅಡಿ ತೋರಿಸಬೇಕು. ಮತ್ತೆ ಯಾರೂ ಒಳಗೆ ಬರಬಾರದು, ಮಾತಿನ ಸದ್ದು ಕೇಳಬಾರದು, ಮುಗಿಯುವವರೆಗೆ ಪರೀಕ್ಷೆ ಬರೆಯುವವನು ಕುರ್ಚಿ ಬಿಟ್ಟು ಏಳಬಾರದು. ಅಮೆರಿಕದವರಿಗೆ ಮನೆಗೊಬ್ಬ ಮನುಷ್ಯ, ಮನುಷ್ಯನಿಗೊಂದು ಕೋಣೆ. ಆರು ಮಂಚದ ಕೋಣೆಯ ಕಥೆ ಅವರಿಗೇನು ಗೊತ್ತು. ನಮಗೆ ವಾರಕ್ಕೆ ಇದ್ದದ್ದು ಒಂದೇ ರಜೆ, ಶುಕ್ರವಾರ. ಅವರಿಗೂ ಅದೇ ರಜೆ, ಪರೀಕ್ಷೆಯೂ ಅವತ್ತೇ. ನಾವೆಲ್ಲ ಎರಡು ಗಂಟೆ ಹೊರಗೆ.

ಒಂದು ಪರೀಕ್ಷೆಯ ದಿನ ಅದ್ದುಚ್ಚ ಬಚ್ಚಲಿನಲ್ಲಿ ಇದ್ದದ್ದು ಯಾರಿಗೂ ನೆನಪಾಗಲಿಲ್ಲ. ಜುಮಾ ನಮಾಜು ಮುಗಿಸಿ ಬಂದು ಎರಡನೇ ಸಲ ಸ್ನಾನಕ್ಕೆ ಹೋಗಿದ್ದರಂತೆ. ಸೊಂಟಕ್ಕೆ ಟವೆಲ್ ಸುತ್ತಿ, ಬ್ಯಾರಿ ಭಾಷೆಯ ಹಾಡು ಗುನುಗುತ್ತಾ ಕ್ಯಾಮೆರಾದ ಮುಂದೆಯೇ ನಡೆದು ಹೋದರು. ಪರೀಕ್ಷೆ ಅಲ್ಲಿಗೇ ಖಲಾಸ್. ಆ ವಿಷಯವನ್ನು ಇವರು ನಾಲ್ಕು ತಿಂಗಳು ಮತ್ತೆ ಓದಬೇಕಾಯಿತು. ಬೈಯಲಿಲ್ಲ. ಮೂರು ದಿನ ವಿಚಾರಣೆ ಮಾಡಿ, ಅದ್ದುಚ್ಚನ ಹೇಳಿಕೆ ಬರೆಸಿಕೊಂಡು ರುಜು ಹಾಕಿಸಿಕೊಂಡರು. ಅರುವತ್ತರ ಹತ್ತಿರದ ಮನುಷ್ಯ, ತೋರಿಸಿದಲ್ಲೆಲ್ಲ ರುಜು ಹಾಕಿದರು. "ನನ್ನಿಂದ ನಿಮ್ಮ ಹೆಂಡತಿ ಮಕ್ಳು ಇನ್ನೂ ನಾಲ್ಕು ತಿಂಗಳು ಕಾಯುವ ಹಾಗೆ ಆಯ್ತಲ್ಲ" ಎಂದು ಅದ್ದುಚ್ಚ ಆಮೇಲೂ ಎಷ್ಟೋ ಸಲ ಹೇಳಿದ್ದುಂಟು. ಆವತ್ತಿನಿಂದ ಹೊಸ ಕ್ರಮ: ಒಳಗಿನಿಂದ ಬೋಲ್ಟ್, ಹೊರಗೆ ಮೆಟ್ಟಿಲಿನಲ್ಲಿ ಒಬ್ಬ ಕಾವಲು. ಕಾವಲಿಗೆ ನಾನು.

ಕೊನೆಯ ಪರೀಕ್ಷೆ ಜೂನ್ ತಿಂಗಳಲ್ಲಿ ಬಂತು. ಸಾಕ್ಷ್ಯ ಸಂಗ್ರಹ ಎಂಬ ವಿಷಯ. ಅದೊಂದು ಪಾಸಾದರೆ ಡಿಗ್ರಿ ಕೈಗೆ. ಸಲಾಲಾದ ಕಂಪನಿ ಅವರಿಗಾಗಿ ಒಂದು ತಿಂಗಳು ಕಾದಿತ್ತು, ಇನ್ನು ಕಾಯುವುದಿಲ್ಲ ಎಂದು ಹೇಳಿತ್ತು. ಶುಕ್ರವಾರ ಎರಡು ಗಂಟೆಗೆ ಸುರು. ಬಿಹಾರದವರು ಪೇಟೆಗೆ ಹೋದರು. ಅದ್ದುಚ್ಚ ಇನ್ಸ್‌ಪೆಕ್ಟರಿಗೆ ಫ್ಲಾಸ್ಕಿನಲ್ಲಿ ಚಾ ಮಾಡಿಟ್ಟು ನನ್ನ ಜತೆ ಮೆಟ್ಟಿಲಲ್ಲಿ ಬಂದು ಕೂತರು. ಮೆಟ್ಟಿಲಿನ ಕಬ್ಬಿಣದ ಕಂಬಿ ಮುಟ್ಟಲು ಆಗದಷ್ಟು ಸುಡುತ್ತಿತ್ತು.

ಮೂರು ಗಂಟೆ ದಾಟಿತ್ತು. ಅದ್ದುಚ್ಚ ಎದೆ ಒತ್ತಿ ಹಿಡಿದರು. ಅವರಿಗೆ ಹಿಂದೆಯೂ ಎರಡು ಸಲ ಹಾಗಾಗಿತ್ತು. ಡಾಕ್ಟರು ನಾಲಗೆಯಡಿ ಇಡುವ ಮಾತ್ರೆ ಕೊಟ್ಟಿದ್ದರು, ಇಟ್ಟ ಎರಡು ನಿಮಿಷಕ್ಕೆ ಸರಿಯಾಗುತ್ತಿತ್ತು. ಮಾತ್ರೆಯ ಡಬ್ಬಿ ಒಳಗೆ ಅವರ ದಿಂಬಿನ ಅಡಿಯಲ್ಲಿತ್ತು. ಪಿಕಪ್ಪಿನ ಕೀಲಿಯೂ ಒಳಗೆ, ಮೊಳೆಯಲ್ಲಿ.

"ತಟ್ಟಲಾ ಅದ್ದುಚ್ಚ?" ಎಂದೆ.

"ಬೇಡ ಮಾರಾಯ. ಕಳೆದ ಸಲ ನಾನೇ ಹಾಳು ಮಾಡಿದ್ದು. ಗ್ಯಾಸು ಇರಬೇಕು, ಕಡಿಮೆ ಆಗ್ತದೆ."

ಅವರು ಬೇಡ ಎಂದದ್ದು ನನಗೆ ಎಷ್ಟು ಅನುಕೂಲವಾಯಿತು ಎಂದರೆ, ನಾನು ಎರಡನೇ ಸಲ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಅಂಗಿ ಒದ್ದೆಯಾಯಿತು, ಮುಖ ಬೂದಿಯ ಬಣ್ಣಕ್ಕೆ ಬಂತು. ಆಗ ಮೆಲ್ಲ ತಟ್ಟಿದೆ. ಒಳಗಿನಿಂದ ಸದ್ದಿಲ್ಲ. ಮತ್ತೊಮ್ಮೆ ತಟ್ಟಿದೆ. ಮೂರನೇ ಸಲ ತಟ್ಟುವಾಗ ಅದ್ದುಚ್ಚ ಮೆಟ್ಟಿಲಿಗೆ ಒರಗಿ ಕಣ್ಣು ಮುಚ್ಚಿದ್ದರು, ಉಸಿರು ಎಳೆಯುತ್ತಿದ್ದರು. ಬಾಗಿಲು ಎಂಥದು, ಒಂದು ಒದೆ ಕೊಟ್ಟರೆ ಬೋಲ್ಟ್ ಕಿತ್ತು ಬರುವಂಥದು. ನನ್ನ ಫೋನು ನನ್ನ ಕೈಯಲ್ಲೇ ಇತ್ತು, ಆಂಬುಲೆನ್ಸಿನ ನಂಬರು ಮಕ್ಕಳಿಗೂ ಗೊತ್ತು. ಸೈರನ್ ಹೊಡೆದುಕೊಂಡು ಆಂಬುಲೆನ್ಸ್ ಬಂದರೆ ಪರೀಕ್ಷೆ ಹೋಗುತ್ತದೆ, ಪರೀಕ್ಷೆ ಹೋದರೆ ಕುರ್ಚಿ ಹೋಗುತ್ತದೆ ಎಂದು ನಾನು ಯೋಚಿಸಿದೆ. ಇನ್ನು ಹತ್ತು ನಿಮಿಷ ನೋಡುವ ಎಂದುಕೊಂಡೆ. ಇದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬೋಲ್ಟ್ ತೆಗೆದ ಸದ್ದಾಯಿತು. "ಸಬ್ಮಿಟ್ ಆಯ್ತು" ಎನ್ನುತ್ತಲೇ ಅವರು ಬಾಗಿಲು ತೆರೆದರು. ಆಮೇಲೆ ಕೆಳಗೆ ನೋಡಿದರು.

ಮುಂದಿನದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಒಂದು ಕ್ಷಣ ತಡಮಾಡಲಿಲ್ಲ ಅವರು. ಅದ್ದುಚ್ಚನನ್ನು ನೆಲದಲ್ಲಿ ಮಲಗಿಸಿ, ನನ್ನ ಫೋನು ಕಿತ್ತುಕೊಂಡು ಆಂಬುಲೆನ್ಸ್ ಕರೆದು, ಎರಡೂ ಕೈಯಿಂದ ಎದೆ ಒತ್ತತೊಡಗಿದರು. ಆಂಬುಲೆನ್ಸ್ ಬರುವವರೆಗೆ ಇಪ್ಪತ್ತು ನಿಮಿಷ ಒತ್ತಿದರು, ಬೆವರು ಮೂಗಿನ ತುದಿಯಿಂದ ಅದ್ದುಚ್ಚನ ಮೇಲೆ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಜೀವ ಹೋಗಿ ಹೊತ್ತಾಯಿತು ಎಂದರು.

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅವರು ನೋಟ್‌ಬುಕ್ ತೆಗೆದರು.

"ನೀನು ಮೂರು ಸಲ ತಟ್ಟಿದ್ದು. ಮೊದಲಿನದ್ದು ಮೂರೂ ಹದಿನೆಂಟಕ್ಕೆ. ಕೊನೆಯದ್ದು ಮೂರೂ ಮೂವತ್ತೇಳಕ್ಕೆ. ಅಲ್ವಾ?"

"ಕೇಳಿಸಿತ್ತಾ ನಿಮಗೆ?"

"ಕೇಳಿತು. ಆ ಹೆಂಗಸಿಗೂ ಕೇಳಿತು. ಸರ್, ಎಂತಾದ್ರೂ ತೊಂದ್ರೆ ಉಂಟಾ ಅಂತ ಕೇಳಿದಳು. ನೋ ಮ್ಯಾಮ್ ಅಂದೆ."

ಅಷ್ಟು ಹೇಳಿ ಬರೆದುಕೊಂಡರು. ಪೊಲೀಸರು ಬಂದು ವಿಚಾರಿಸುವ ಮೊದಲು ನನ್ನನ್ನು ಕೇಳಿದರು.

"ನೀನು ನೋಡಿದ್ದು ಎಂತ? ಬಾಗಿಲು ಮುಚ್ಚಿದ್ದು ನೋಡಿದ್ದೀ. ಬೋಲ್ಟ್ ಒಳಗೆ ಇರುವುದು. ನಾನು ಹಾಕಿದ್ದನ್ನು ನೀನು ನೋಡಿದ್ದೀಯಾ?"

"ಇಲ್ಲ."

"ಮತ್ತೆ? ಊಹೆ ಬೇಡ."

ಬಂದ ಪೊಲೀಸ್ ಅಧಿಕಾರಿ ಸೌಮ್ಯ ಮನುಷ್ಯ, ನಮಗೇ ನೀರು ತರಿಸಿಕೊಟ್ಟ. ಹೃದಯದ ಕಾಯಿಲೆ ಹಳೆಯದು, ಚೀಟಿಗಳು ಇದ್ದವು. ನಾವಿಬ್ಬರೂ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದ್ದುಚ್ಚನನ್ನು ಎರಡು ದಿನದಲ್ಲಿ ಸುವೈಕ್‌ನಲ್ಲೇ ದಫನ ಮಾಡಿದರು, ಮನೆಯವರು ಮುಖ ನೋಡಲಿಲ್ಲ. ವಾರ ಕಳೆಯುವ ಮೊದಲು ಅವರ ಮಂಚಕ್ಕೆ ನಾನು ಹೋದೆ. ಎಸಿಯ ಗಾಳಿ ನೇರ ಬರುವುದು ಅಲ್ಲಿಗೇ.

ಅದ್ದುಚ್ಚನ ಹೆಂಡತಿ ಐಸಮ್ಮ ಫೋನು ಮಾಡಿದ್ದು ಇವರಿಗಲ್ಲ, ನನಗೆ. ಕೊನೆಗೆ ಜತೆಗಿದ್ದವನು ನಾನು ಎಂದು ಯಾರೋ ಹೇಳಿದ್ದರು. ಆಕೆ ಅಳಲಿಲ್ಲ, ಒಂದೇ ಮಾತು ಕೇಳಿದರು: "ಮಾತ್ರೆ ತೆಗೊಂಡ್ರಾ?" ನನ್ನ ಬಾಯಿಗೆ ಯಾವ ದೆವ್ವ ಹೊಕ್ಕಿತೋ. "ತೆಗೊಂಡ್ರು, ನಾನೇ ಬಾಯಿಗೆ ಇಟ್ಟೆ. ನೋವಿಲ್ಲದೆ ಹೋದ್ರು" ಎಂದೆ. ಆಕೆ ತುಂಬ ಹೊತ್ತು ನನ್ನನ್ನು ಹರಸಿದರು. ಆಮೇಲೆ ಪ್ರತಿ ಪೆರ್ನಾಳಿಗೂ ಹಬ್ಬದ ಶುಭಾಶಯದ ಜತೆ ಅವರ ದನಿಯ ಒಂದು ಮೆಸೇಜು ಬರುತ್ತಿತ್ತು. ನನ್ನ ಮಕ್ಕಳ ಹೆಸರು ಹಿಡಿದು ಕ್ಷೇಮ ಕೇಳುತ್ತಿದ್ದರು.

ಡಿಗ್ರಿ ಬಂತು, ಅತ್ಯುತ್ತಮ ದರ್ಜೆ. ಕೋಣೆಯಲ್ಲಿ ಬಿರಿಯಾನಿ ತಿಂದೆವು. ಮಾಡುವವರು ಇರಲಿಲ್ಲವಾದ್ದರಿಂದ ಕೆಳಗಿನ ಹೋಟೆಲಿನಿಂದ ತರಿಸಿದ್ದು. ಅವರು ಸಲಾಲಾಕ್ಕೆ ಹೋದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು, ಮಗಳು ಅಲ್ಲಿಯ ಇಂಡಿಯನ್ ಸ್ಕೂಲಿಗೆ ಹೋಗಿ ಅಪ್ಪನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು. ಮಾತು ಕೊಟ್ಟಂತೆ ಮ್ಯಾನೇಜರ್ ಹತ್ತಿರ ನನ್ನ ಹೆಸರು ಹೇಳಿಯೇ ಹೋಗಿದ್ದರು. ಏಳು ವರ್ಷದಿಂದ ನಾನು ಸೂಪರ್‌ವೈಸರ್. ಈ ಏಳು ವರ್ಷದಲ್ಲಿ ನಾವು ಅದ್ದುಚ್ಚನ ವಿಷಯ ಒಮ್ಮೆಯೂ ಎತ್ತಲಿಲ್ಲ. ಅವರು ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ. ಇಂಥ ಮನುಷ್ಯನಿಗೆ ನಿದ್ದೆ ಹೇಗೆ ಬರುತ್ತದೆ ಎಂದು ಒಳಗೊಳಗೇ ಅವರನ್ನು ಹೀನಾಯ ಮಾಡಿಕೊಂಡು ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನಿವೃತ್ತರಾಗಿ ಊರಿಗೆ ಹೊರಡುವ ಮುನ್ನ ಇವರು ಫೋನು ಮಾಡಿದ್ದರು. "ಅದ್ದುಚ್ಚನ ಮನೆಗೆ ಒಮ್ಮೆ ಹೋಗಿ ಬರ್ತೇನೆ" ಎಂದರು. ಒಂದು ಕಿಲೋ ಖರ್ಜೂರ ಕೊಟ್ಟು ಬರುವುದಾಗಿರಬೇಕು ಎಂದುಕೊಂಡು ಒಳ್ಳೆಯದು ಎಂದೆ.

ಹದಿನೈದು ದಿನ ಕಳೆದು ಐಸಮ್ಮನ ಫೋನು ಬಂತು. ಈ ಸಲ ಮೆಸೇಜು ಅಲ್ಲ.

"ಅವ್ರು ಬಂದಿದ್ರು" ಎಂದರು. "ಚಾವಡಿಯಲ್ಲಿ ಕೂತು ಎಲ್ಲ ಹೇಳಿದ್ರು. ಬಾಗಿಲಿಗೆ ಬೋಲ್ಟ್ ಹಾಕಿದ್ದು, ನೀವು ತಟ್ಟಿದ್ದು ಕೇಳಿದ್ರೂ ತೆಗೀದೆ ಇದ್ದದ್ದು. ಗಂಟೆ ನಿಮಿಷ ಸಮೇತ ಹೇಳಿದ್ರು. ನಾನು, ಹೇಗೂ ಮಾತ್ರೆ ಇಟ್ಟಿದ್ರಲ್ಲ, ಆಯುಷ್ಯ ಅಷ್ಟೇ ಅಂದೆ. ಅದಕ್ಕೆ ಅವ್ರು, ಮಾತ್ರೆ ದಿಂಬಿನ ಅಡಿಯಲ್ಲೇ ಇತ್ತು, ಆಮೇಲೆ ನಾನೇ ಲೆಕ್ಕ ಮಾಡಿದೆ ಅಂದ್ರು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನೀವು ಇಟ್ಟದ್ದಲ್ವಾ?"

"ಅಲ್ಲ" ಎಂದೆ.

"ಅವ್ರಿಗೆ ನಾನು ಎಂತದೂ ಹೇಳಲಿಲ್ಲ. ಚಾ ಕೊಟ್ಟು ಕಳಿಸಿದೆ. ಅವ್ರ ತಪ್ಪು ಅವ್ರೇ ಬಂದು ಹೇಳಿದ್ರು." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳುವವರ ದನಿ ಅದು. "ನನ್ನ ಗಂಡನ ಬಾಯಿಗೆ ಕೊನೆಗೆ ಮಾತ್ರೆ ಇಟ್ಟ ಕೈ ಅಂತ ಏಳು ವರ್ಷ ಐದು ಹೊತ್ತಿನ ನಮಾಜಿನಲ್ಲೂ ನಿಮ್ಮ ಹೆಸರು ಹೇಳಿ ದುವಾ ಮಾಡಿದ್ದೇನೆ. ನನ್ನ ಮಕ್ಕಳ ಹೆಸರಿಗಿಂತ ಮೊದಲು ನಿಮ್ಮದು. ಅದನ್ನೆಲ್ಲ ಈಗ ವಾಪಸ್ ತೆಗೊಳ್ಳಿಕ್ಕೆ ಆಗ್ತದಾ? ಆಗುವುದಾದ್ರೆ ಯಾರ ಹತ್ರ ಕೇಳಬೇಕು, ಹೇಳಿ."